ರುಮಾಲು ಸುತ್ತಿದ ಮೇಲೆ ಕೇಳದ ರೊಕ್ಕ

೧೯೯೯ರ ಮೇ ತಿಂಗಳ ಎರಡನೆಯ ವಾರದಲ್ಲಿ, ಮನೋಳಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲಿದ್ದ ನಮ್ಮ ಅಪ್ಪನ ಇಟ್ಟಂಗಿ ಭಟ್ಟಿಯಲ್ಲಿ, ಸುಡಲೆಂದು ಒಟ್ಟಿಟ್ಟಿದ್ದ ಎಂಬತ್ತು ಸಾವಿರ ಹಸಿ ಇಟ್ಟಂಗಿ ಒಂದು ಮಧ್ಯಾಹ್ನದ ಮಳೆಯಲ್ಲಿ ಕರಗಿ ಮಣ್ಣಾದವು. ಮಳೆ ಬಿದ್ದದ್ದು ಸುಮಾರು ಐವತ್ತು ನಿಮಿಷ. ಆ ದಿನ ಅಪ್ಪನಿಗೆ ಒಂದೇ ಕಡೆಯಿಂದ ಬರಬೇಕಿದ್ದ ಹಣ ಎಪ್ಪತ್ತೆರಡು ಸಾವಿರ ರೂಪಾಯಿ. ಇಟ್ಟಂಗಿ ಸುಡಲು ಬೇಕಿದ್ದ ಕಲ್ಲಿದ್ದಲಿನ ಬೆಲೆ ಹದಿನೆಂಟು ಸಾವಿರ.

ಅಪ್ಪ ಭಟ್ಟಿ ಹಾಕಿದ್ದು ೧೯೮೮ರಲ್ಲಿ. ಜಾಗ ಸ್ವಂತದ್ದಲ್ಲ. ನದಿಗೆ ಹತ್ತಿದ ಮೂರು ಎಕರೆ ಕರಲು ಭೂಮಿಯನ್ನು ವರ್ಷಕ್ಕಿಷ್ಟೆಂದು ಲಾವಣಿಗೆ ಪಡೆದಿದ್ದ. ದೀಪಾವಳಿ ಮುಗಿದ ಮೇಲೆ ಕೆಲಸ ಶುರುವಾಗುತ್ತಿತ್ತು. ಮಣ್ಣು ನೆನೆಹಾಕಿ, ಬೂದಿ ಬೆರೆಸಿ ತುಳಿದು, ಕಟ್ಟಿಗೆಯ ಅಚ್ಚಿನಲ್ಲಿ ಬಡಿದು ನೆಲಕ್ಕೆ ಬಿಡುತ್ತಿದ್ದರು. ಒಣಗಿದ ಮೇಲೆ ಸಾಲು ಸಾಲಾಗಿ ಒಟ್ಟುತ್ತಿದ್ದರು. ಸುಡುವ ಹೊತ್ತಿಗೆ ಅದೇ ಹಸಿ ಇಟ್ಟಂಗಿಯಿಂದ ಒಂದು ಮನೆಯಷ್ಟು ದೊಡ್ಡ ರಾಶಿ ಕಟ್ಟಬೇಕು. ಒಂದು ವರಸೆ ಇಟ್ಟಂಗಿ, ಅದರ ಮೇಲೆ ಕಲ್ಲಿದ್ದಲಿನ ಪುಡಿ, ಮತ್ತೆ ಇಟ್ಟಂಗಿ. ಹೊರಗೆ ಮಣ್ಣು ಮೆತ್ತಿ ಕೆಳಗಿನ ಬಾಯಿಗಳಲ್ಲಿ ಬೆಂಕಿ ಇಟ್ಟರೆ ಹದಿನೈದು ದಿನ ತಾನಾಗಿಯೇ ಉರಿಯುತ್ತದೆ. ಕಲ್ಲಿದ್ದಲು ಇಲ್ಲದೆ ರಾಶಿ ಕಟ್ಟಲೂ ಬರುವುದಿಲ್ಲ. ಸುಟ್ಟ ಇಟ್ಟಂಗಿ ನೂರು ವರ್ಷದ ಮಳೆ ತಡೆಯುತ್ತದೆ. ಸುಡದ ಇಟ್ಟಂಗಿ ಒಂದು ಮಳೆಯನ್ನೂ ತಡೆಯುವುದಿಲ್ಲ.

ನಮ್ಮ ಅಚ್ಚಿನಲ್ಲಿ ಒಂದು ಬಿಲ್ವಪತ್ರಿಯ ಗುರುತಿತ್ತು. ಮೂರು ಎಲೆ, ಒಂದು ದೇಟು. ಹೂಲಿಯ ಬಡಿಗನೊಬ್ಬ ಅದನ್ನು ಕೊರೆದು ಕೊಟ್ಟಿದ್ದ. ಬೈಲಹೊಂಗಲ, ಸವದತ್ತಿ ಎರಡೂ ಕಡೆಯ ಮನೆ ಕಟ್ಟುವ ಗೌಂಡಿಗಳು 'ಪತ್ರಿ ಇಟ್ಟಂಗಿ' ಎಂದೇ ಕೇಳುತ್ತಿದ್ದರು. ಎರಡು ಇಟ್ಟಂಗಿ ಒಂದಕ್ಕೊಂದು ಬಡಿದರೆ ಗಂಟೆಯಂತೆ ಸಪ್ಪಳ ಬರಬೇಕು, ಬರದಿದ್ದರೆ ಅಪ್ಪ ಆ ಗಾಡಿ ಕಳಿಸುತ್ತಿರಲಿಲ್ಲ.

ಹಣ ತೆಗೆದುಕೊಳ್ಳುವ ರೀತಿ ಬೇರೆ ಇತ್ತು. ಮೂರರಲ್ಲಿ ಒಂದು ಪಾಲು ಮೊದಲಿಗೆ, ಉಳಿದದ್ದು ವಾಸ್ತುಶಾಂತಿಯ ದಿನ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಮನೆ ಕಟ್ಟಿಸಿದವರು ವಾಸ್ತುಶಾಂತಿಗೆ ಗೌಂಡಿ, ಬಡಿಗ, ಇಟ್ಟಂಗಿಯವನನ್ನು ಕರೆದು ಹೊಸ ಜಮಖಾನೆಯ ಮೇಲೆ ಕೂಡಿಸಿ ಆಯೇರ ಮಾಡುತ್ತಿದ್ದರು. ಆಯೇರ ಎಂದರೆ ಬಟ್ಟೆಯ ಉಡುಗೊರೆ. ಅಪ್ಪನಿಗೆ ಒಂದು ರುಮಾಲು. ಮನೆಯ ಯಜಮಾನ ತನ್ನ ಕೈಯಿಂದಲೇ ಅದನ್ನು ಅಪ್ಪನ ತಲೆಗೆ ಸುತ್ತುತ್ತಿದ್ದ. ಆಮೇಲೆ ಎಲೆ ಅಡಿಕೆಯ ತಟ್ಟೆಯಲ್ಲಿ ಹಣ ಇಟ್ಟು ಕೊಡುತ್ತಿದ್ದ. ಪೂರ್ತಿ ಇದ್ದರೆ ಪೂರ್ತಿ. ಇಲ್ಲದಿದ್ದರೆ ಅರ್ಧ. ಕೆಲವೊಮ್ಮೆ ಬರೀ ಎಲೆ ಅಡಿಕೆ ಇರುತ್ತಿತ್ತು, ಖರ್ಚು ಜಾಸ್ತಿ ಆಯಿತು, ಸುಗ್ಗಿಗೆ ಮುಟ್ಟಿಸುತ್ತೇನೆ ಎಂಬ ಮಾತಿರುತ್ತಿತ್ತು. ರುಮಾಲು ಸುತ್ತಿಸಿಕೊಂಡ ತಲೆಯಿಂದ ರೊಕ್ಕದ ಮಾತು ಬರಬಾರದು ಎಂಬುದು ಅಪ್ಪನ ನಿಯಮ. ಆ ಮನೆಗೆ ಅಪ್ಪ ಮತ್ತೆ ಕೇಳಲು ಹೋಗುತ್ತಿರಲಿಲ್ಲ. ಅವರಾಗಿಯೇ ಕೊಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಕೊಡದೆ ಉಳಿದವರು ಇಬ್ಬರೋ ಮೂವರೋ. ತಡವಾಗಿ ಕೊಟ್ಟವರು ಎಲ್ಲರೂ.

ಅವ್ವ ಆ ರುಮಾಲುಗಳನ್ನು ಒಂದು ಟ್ರಂಕಿನಲ್ಲಿ ಬೇವಿನ ಎಲೆ ಹಾಕಿ ಇಡುತ್ತಿದ್ದಳು. ಹಳದಿ, ಕೆಂಪು, ಬಿಳಿಯ ಜರಿಯಂಚು. ಅಪ್ಪ ಬರಿಗೈಯಲ್ಲಿ ಹೊಸ ರುಮಾಲು ಸುತ್ತಿಕೊಂಡು ಬಂದ ದಿನ ಅವ್ವ ನೀರು ಕೊಟ್ಟು ಕೇಳುತ್ತಿದ್ದಳು.

"ಎಷ್ಟ ಕೊಟ್ರು?"

"ಕೊಡತಾರ. ಎಲ್ಲೆ ಹೋಗ್ತಾರ?"

"ರುಮಾಲ ಉರಿತಾವೇನ್ರಿ ಭಟ್ಟ್ಯಾಗ?"

ಅಪ್ಪ ನಗುತ್ತಿದ್ದ. ಅವ್ವ ನಗುತ್ತಿರಲಿಲ್ಲ.

ಭಟ್ಟಿಯ ಕೂಲಿಗಳಿಗೂ ಇದು ಗೊತ್ತಿತ್ತು. ಅವರ ಮುಖ್ಯಸ್ಥ ಮೇಸ್ತ್ರಿ, ರಾಮದುರ್ಗ ಕಡೆಯ ಮುಸ್ಲಿಂ ಮನುಷ್ಯ. ಅವನೂ ಅವನ ಹೆಂಡತಿಯೂ ಒಂಬತ್ತು ವರ್ಷ ನಮ್ಮಲ್ಲಿ ಇಟ್ಟಂಗಿ ಬಡಿದರು. ಪ್ರತಿ ದೀಪಾವಳಿಗೆ ಆರು ಸಂಸಾರ ಕರೆದುಕೊಂಡು ಬರುವುದು, ಮಳೆಗೆ ಮೊದಲು ಊರಿಗೆ ಹೋಗುವುದು. ವಾರಕ್ಕೊಮ್ಮೆ, ಸಂತೆಯ ಹಿಂದಿನ ದಿನ ಬಟವಾಡೆ, ಅಂದರೆ ಕೂಲಿ ಹಂಚುವುದು. ಒಂದು ಬಟವಾಡೆಯ ಸಂಜೆ ಅಪ್ಪ ಯಾವುದೋ ವಾಸ್ತುಶಾಂತಿಯಿಂದ ನೇರವಾಗಿ ಭಟ್ಟಿಗೆ ಬಂದಾಗ ಮೇಸ್ತ್ರಿಯ ಹೆಂಡತಿ ಕೈ ತೊಳೆಯುತ್ತ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಸಾವಕಾರ್ರ ತಲಿಮ್ಯಾಲೆ ಹೊಸಾ ರುಮಾಲ ಬಂತಂದ್ರ ಈ ವಾರ ಬಟವಾಡಿ ಅರ್ಧ ಅಂತ ತಿಳ್ಕೋಬೇಕ್ರಿ."

ಮೇಸ್ತ್ರಿ ಅವಳನ್ನು ಗದರಿಸಿದ. "ಬಾಯಿ ಮುಚ್ಚ. ಸಾವಕಾರ್ರು ಎಂದರ ಇಟ್ಕೊಂಡಾರೇನ?"

"ನಾ ಎಲ್ಲೆ ಇಟ್ಕೊಂಡಾರ ಅಂದ್ನಿ? ಸುತ್ಕೊಂಡಾರ ಅಂದ್ನಿ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆ ವಾರದ ಬಟವಾಡೆ ಅರ್ಧವೇ ಆಗಿತ್ತು. ಉಳಿದದ್ದನ್ನು ಮುಂದಿನ ವಾರ ಕೊಟ್ಟ.

೧೯೯೮ರ ಕೊನೆಗೆ ಬೈಲಹೊಂಗಲದಿಂದ ದೊಡ್ಡ ಆರ್ಡರು ಬಂತು. ಅಲ್ಲಿನ ಒಬ್ಬ ಹತ್ತಿ ವ್ಯಾಪಾರಿ ಮದುವೆಯ ಮಂಗಲ ಕಾರ್ಯಾಲಯ ಕಟ್ಟಿಸುತ್ತಿದ್ದ. ವಯಸ್ಸಿನಲ್ಲಿ ಅಪ್ಪನಿಗಿಂತ ಚಿಕ್ಕವನು, ಅಪ್ಪನನ್ನು ಕಾಕಾ ಎಂದು ಕರೆಯುತ್ತಿದ್ದ. ಅವನ ತಂದೆಯೇ ೧೯೯೩ರಲ್ಲಿ ತಮ್ಮ ಮನೆಯ ವಾಸ್ತುಶಾಂತಿಗೆ ಅಪ್ಪನ ತಲೆಗೆ ರುಮಾಲು ಸುತ್ತಿದ್ದರು. ಕಾರ್ಯಾಲಯಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ ಇಟ್ಟಂಗಿ ಬೇಕಿತ್ತು. ಅಪ್ಪ ಇಷ್ಟು ದೊಡ್ಡ ಆರ್ಡರು ಎಂದೂ ಹಿಡಿದಿರಲಿಲ್ಲ. ಮೇಸ್ತ್ರಿಗೆ ಹೇಳಿ ಆರರ ಬದಲು ಹತ್ತು ಸಂಸಾರ ಕರೆಸಿದ. ಮೊದಲ ಪಾಲಿನ ಹಣ ಬಂತು, ಕಲ್ಲಿದ್ದಲಿಗೆ ಮತ್ತು ಬಟವಾಡೆಗೆ ಹೋಯಿತು. ಜನವರಿ, ಫೆಬ್ರವರಿಯಲ್ಲಿ ಎರಡು ಭಟ್ಟಿ ಸುಟ್ಟು ಅಷ್ಟೂ ಇಟ್ಟಂಗಿ ಕಳಿಸಿದ. ಉಳಿದ ಎಪ್ಪತ್ತೆರಡು ಸಾವಿರ ವಾಸ್ತುಶಾಂತಿಗೆ. ಅಕ್ಷಯ ತದಿಗೆಯ ಮುಹೂರ್ತ ಹಿಡಿದಾಗಿತ್ತು. ಏಪ್ರಿಲ್ ತಿಂಗಳಲ್ಲಿ ಆ ಹಣ ಬರುತ್ತದೆ, ಅದರಲ್ಲಿ ಕಲ್ಲಿದ್ದಲು ತಂದು ಮೂರನೆಯ ಭಟ್ಟಿ ಸುಡುವುದು, ಮಳೆಗಾಲದಲ್ಲಿ ದರ ಏರಿದಾಗ ಮಾರುವುದು ಎಂದು ಅಪ್ಪ ಲೆಕ್ಕ ಹಾಕಿದ್ದ. ಲೆಕ್ಕ ಸರಿಯಿತ್ತು.

ಮಾರ್ಚ್ ಮೊದಲಿಗೆ ಆ ವ್ಯಾಪಾರಿಯ ತಂದೆ ತೀರಿಕೊಂಡರು. ಅಪ್ಪ ಅವರ ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ಹೋಗಿ ಬಂದ. ಬಂದವನು ಕಾಲು ತೊಳೆದು ಪಡಸಾಲೆಯಲ್ಲಿ ಕುಳಿತು ಅವ್ವನಿಗೆ ಹೇಳಿದ್ದು ಒಂದೇ ಮಾತು.

"ವಾಸ್ತು ವರ್ಷದ ಮ್ಯಾಲೆ ಮಾಡ್ತಾರಂತ."

ಹಿರಿಯರು ಹೋದ ವರ್ಷದೊಳಗೆ ಶುಭಕಾರ್ಯ ಬೇಡ ಎಂದು ಆ ಮನೆಯವರು ನಿರ್ಧರಿಸಿದ್ದರು. ಅದು ಅವರ ಮನೆಯ ನಡಾವಳಿ, ಅದರಲ್ಲಿ ತಪ್ಪೇನಿಲ್ಲ. ಕಾರ್ಯಾಲಯದ ಗೋಡೆ ಎದ್ದು ನಿಂತಿತ್ತು, ಸ್ಲ್ಯಾಬು ಬಿದ್ದಿತ್ತು. ಬಾಗಿಲು ಮಾತ್ರ ತೆರೆಯುವಂತಿರಲಿಲ್ಲ. ನಮ್ಮ ಎಪ್ಪತ್ತೆರಡು ಸಾವಿರ ಆ ಬಾಗಿಲಿನ ಹಿಂದೆ ಉಳಿಯಿತು.

ಹತ್ತು ಸಂಸಾರದ ಬಟವಾಡೆ ಮಾತ್ರ ವಾರವಾರ ನಡೆಯಲೇಬೇಕಿತ್ತು. ಮಾರ್ಚ್ ಮುಗಿಯುವುದರೊಳಗೆ ಅವ್ವ ತನ್ನ ಪಾಟ್ಲಿಗಳನ್ನು ತೆಗೆದು ಕೊಟ್ಟಳು. ಆ ಬಂಗಾರದ ಬಳೆಗಳನ್ನು ಸವದತ್ತಿಯಲ್ಲಿ ಒತ್ತೆ ಇಟ್ಟು ಅಪ್ಪ ಐದು ವಾರ ತೂಗಿಸಿದ. ಹುಬ್ಬಳ್ಳಿಯ ಕಲ್ಲಿದ್ದಲಿನ ವ್ಯಾಪಾರಿ ಉದ್ರಿ ಕೊಡುವವನಲ್ಲ. ನಾನು ಆಗ ಹುಬ್ಬಳ್ಳಿಯಲ್ಲಿ ಒಂದು ಪತ್ರಿಕೆಯ ಕಚೇರಿಯಲ್ಲಿದ್ದೆ, ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಅಪ್ಪ ಹೇಳಿದ್ದಕ್ಕೆ ಒಂದು ಮಧ್ಯಾಹ್ನ ಅವನ ಡಿಪೋಕ್ಕೆ ಹೋಗಿ ಮಾತಾಡಿದೆ. ಆತ ಸಭ್ಯನಾಗಿಯೇ ಹೇಳಿದ.

"ನಿಮ್ಮ ತಂದಿಯವರು ಒಳ್ಳೇವ್ರ ಅದಾರ್ರಿ ತಂಗಿ. ಖರೆ, ನಾ ವ್ಯಾಗನ್ನಿಗೆ ರೊಕ್ಕ ಮೊದಲ ತುಂಬತೇನಿ. ನನಗ ಯಾರೂ ರುಮಾಲ ಸುತ್ತಂಗಿಲ್ಲ."

ಅಪ್ಪನ ಪದ್ಧತಿ ಹುಬ್ಬಳ್ಳಿಯ ತನಕ ಗೊತ್ತಿದೆ ಎಂದು ನನಗೆ ತಿಳಿದದ್ದು ಆಗ.

ಏಪ್ರಿಲ್ ಕೊನೆಯ ವಾರ ನಾನು ನಾಲ್ಕು ದಿನ ರಜೆ ಹಾಕಿ ಊರಿಗೆ ಬಂದೆ. ಎಂಬತ್ತು ಸಾವಿರ ಹಸಿ ಇಟ್ಟಂಗಿ ಒಣಗಿ, ಸಾಲಾಗಿ, ಮೇಲೆ ಹುಲ್ಲು ಹೊದ್ದು ನಿಂತಿದ್ದವು. ಮೇಸ್ತ್ರಿ ಆಕಾಶ ನೋಡಿ ಮಾತಾಡುವುದನ್ನು ಕಲಿತಿದ್ದ. "ಸಾವಕಾರ್ರ, ಕಲ್ಲಿದ್ದಲ ಬಂದ್ರ ಆರ ದಿನದಾಗ ಕಟ್ಟಿ ಮೆತ್ತಿ ಬೆಂಕಿ ಹಾಕತೇನ್ರಿ. ಭರಣಿ ಮಳಿ ಹಿಡೀತಂದ್ರ ಮಾತ್ರ ನನ್ನ ಕೈಯಾಗಿಲ್ಲ."

ಅವ್ವ ಅಪ್ಪನಿಗೆ ನೇರವಾಗಿ ಹೇಳಿದಳು. "ಬೈಲಹೊಂಗಲಕ್ಕ ಹೋಗ್ರಿ. ಎಲ್ಲಾ ಕೇಳಬ್ಯಾಡ್ರಿ. ಇಪ್ಪತ್ತ ಸಾವಿರ ಕೇಳ್ರಿ. ನಿಮ್ಮ ರೊಕ್ಕ ನೀವ ಕೇಳಾಕ ಯಾಕ ಅಂಜತೀರಿ?"

"ಸತ್ತ ಮನಿ ಅದ. ಎರಡ ತಿಂಗಳಾಗಿಲ್ಲ."

"ಮಳಿಗೆ ಗೊತ್ತೇತೇನ್ ಅದು?"

ಅಪ್ಪ ಹೋಗಲು ಒಪ್ಪಿದ. ನನ್ನನ್ನು ಜೊತೆಗೆ ಕರೆದ. ಅವ್ವ ನನ್ನನ್ನು ಅಡುಗೆಮನೆಗೆ ಕರೆದು, ಅಪ್ಪ ಕೇಳದಿದ್ದರೆ ನೀನು ಕೇಳು, ಮಂದಿಯನ್ನು ಪ್ರಶ್ನೆ ಕೇಳುವುದೇ ನಿನ್ನ ನೌಕರಿಯಲ್ಲವೇ ಎಂದಳು. ನಾನು ಹ್ಞೂಂ ಎಂದೆ.

ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಇಲ್ಲವೆಂದು ಟಿಕೆಟಿನ ಹಿಂದೆ ಆರು ರೂಪಾಯಿ ಎಂದು ಬರೆದು ಕೊಟ್ಟ. ಅಪ್ಪ ಬೈಲಹೊಂಗಲ ಬರುವುದರೊಳಗೆ ಎರಡು ಸಲ ಸೀಟಿನಿಂದ ಎದ್ದು ಹೋಗಿ ಕೇಳಿದ. ಎರಡನೆಯ ಸಲಕ್ಕೆ ಆರು ರೂಪಾಯಿ ಹಿಡಿದುಕೊಂಡೇ ಬಂದ. "ಕೇಳಲಿಲ್ಲಂದ್ರ ಮರೀತಾರ," ಎಂದು ನನಗೆ ಹೇಳಿ ಅಂಗಿಯ ಜೇಬಿಗೆ ಹಾಕಿಕೊಂಡ.

ವ್ಯಾಪಾರಿಯ ಮನೆಯಲ್ಲಿ ತಂದೆಯ ಫೋಟೋಕ್ಕೆ ಹಾರ ಹಾಕಿದ್ದರು. ಕೆಳಗೆ ದೀಪ. ವ್ಯಾಪಾರಿ ಬಾಗಿಲಿಗೆ ಬಂದು ಅಪ್ಪನ ಕಾಲು ಮುಟ್ಟಿದ.

"ಬರ್ರಿ ಕಾಕಾ, ಬರ್ರಿ. ಕುಂದರ್ರಿ. ಮಗಳು ಬಂದಾಳಲ್ಲ, ಪೇಪರದಾಗ ಅದಾಳಂತ? ನಮ್ಮ ಹತ್ತಿ ರೇಟ ಸ್ವಲ್ಪ ಸರಿ ಹಾಕವಾ ತಂಗಿ, ಒಂದ ದಿನ ತಡಾ ಮಾಡಿ ಹಾಕ್ತೀರಿ."

ಚಹಾ ಬಂತು, ಅವಲಕ್ಕಿ ಬಂತು. ಹೋದವರ ಮಾತಾಯಿತು. ಕೊನೆಯ ದಿನ ಅವರು ಏನು ತಿಂದರು, ಯಾರನ್ನು ನೆನೆಸಿದರು ಎಂಬುದನ್ನು ಮಗ ಹೇಳಿದ. ಅಪ್ಪ ಕೇಳುತ್ತ ಕುಳಿತ. ತಲೆಯ ಮೇಲೆ ಹಳದಿ ರುಮಾಲು ಇತ್ತು. ೧೯೯೩ರಲ್ಲಿ ಆ ಫೋಟೋದಲ್ಲಿದ್ದವರು ಸುತ್ತಿದ ರುಮಾಲು ಅದೇ. ಬೇರೆ ರುಮಾಲು ಇರಲಿಲ್ಲವೆಂದಲ್ಲ. ಬೆಳಿಗ್ಗೆ ಟ್ರಂಕಿನಿಂದ ಅಪ್ಪ ಅದನ್ನೇ ಆರಿಸಿ ತೆಗೆದಿದ್ದ.

ವ್ಯಾಪಾರಿ ತಾನಾಗಿಯೇ ಕೇಳಿದ.

"ಭಟ್ಟಿ ಹೆಂಗ ನಡದೈತ್ರಿ ಕಾಕಾ?"

"ಅಗದೀ ಛಲೋ ನಡದೈತಿ."

"ವಾಸ್ತು ಮುಂದಿನ ವರ್ಷಕ್ಕ ಹೋತು ನೋಡ್ರಿ. ನಿಮ್ಮದೊಂದ ಮನಸಿನ್ಯಾಗ ಐತಿ. ಅವತ್ತ ನಿಮ್ಮನ್ನ ಮೊದಲ ಕೂಡಸ್ತೇನಿ, ಅಪ್ಪನ ಸ್ಥಾನದಾಗ."

"ಅದಕ್ಕೇನ ಅವಸರ. ಆಗಲಿ."

"ಏನರ ಬೇಕಿತ್ತೇನ್ರಿ ಈಗ?"

ಅಪ್ಪ ಫೋಟೋದ ಕಡೆ ನೋಡಿದ. "ಏನಿಲ್ಲಪಾ. ಮಾತಾಡ್ಸಿ ಹೋಗೂಣಂತ ಬಂದ್ವಿ."

ನನ್ನ ಚೀಲದಲ್ಲಿ ಕಲ್ಲಿದ್ದಲಿನ ದರದ ಚೀಟಿ ಇತ್ತು. ನಾನು ಬಾಯಿ ತೆರೆಯಬಹುದಿತ್ತು. ಅಪ್ಪ ನನ್ನ ಕಡೆ ತಿರುಗಿ, ಚಹಾ ಆರುತ್ತದೆ ಕುಡಿ ಎಂದ. ನಾನು ಕುಡಿದೆ. ಜಿಲ್ಲಾಧಿಕಾರಿಗೆ, ಶಾಸಕರಿಗೆ, ಪೊಲೀಸರಿಗೆ ಪ್ರಶ್ನೆ ಕೇಳಿದವಳು ಆ ಪಡಸಾಲೆಯಲ್ಲಿ ಕೇಳಲಿಲ್ಲ. ಬಾಗಿಲ ತನಕ ಬಂದು ವ್ಯಾಪಾರಿ ಬೀಳ್ಕೊಟ್ಟ. ಅವನ ಹೆಂಡತಿ ನನಗೆ ಕುಂಕುಮ ಹಚ್ಚಿ ಒಂದು ಕುಬಸದ ಬಟ್ಟೆ ಕೊಟ್ಟಳು.

ಮನೆಗೆ ಮರಳಿದಾಗ ಅವ್ವ ಬಾಗಿಲಲ್ಲೇ ನಮ್ಮ ಮುಖ ನೋಡಿ ಒಳಗೆ ಹೋದಳು.

ನಂತರದ ಹತ್ತು ದಿನ ಅಪ್ಪ ಬೇರೆ ಕಡೆ ಪ್ರಯತ್ನಿಸಿದ್ದು ನಿಜ. ಸೊಸೈಟಿಯಲ್ಲಿ ಸಾಲ ಕೇಳಿದ. ಭೂಮಿ ಲಾವಣಿಯದು, ಪಹಣಿ ಉತಾರದಲ್ಲಿ ನಿಮ್ಮ ಹೆಸರಿಲ್ಲ ಎಂದರು. ದೊಡವಾಡದ ಸೋದರಮಾವ ಮೂರು ಸಾವಿರ ಕೊಟ್ಟ, ಅದು ಒಂದು ಬಟವಾಡೆಗೆ ಹೋಯಿತು. ನನ್ನ ಸಂಬಳ ತಿಂಗಳ ಏಳಕ್ಕೆ ಬರುತ್ತಿತ್ತು. ಬಂದ ದಿನ ಎರಡು ಸಾವಿರ ಮನಿಆರ್ಡರ್ ಮಾಡಿದೆ. ಅದು ಮುಟ್ಟಿದ್ದು ಮಳೆಯ ಮರುದಿನ.

ಮಳೆಯ ದಿನ ನಾನು ಅಲ್ಲಿ ಇರಲಿಲ್ಲ. ಆ ದಿನದ್ದನ್ನು ಅವ್ವ, ಮೇಸ್ತ್ರಿ, ಮೇಸ್ತ್ರಿಯ ಹೆಂಡತಿ ಮೂವರಿಂದ ಬೇರೆ ಬೇರೆಯಾಗಿ ಕೇಳಿದ್ದೇನೆ. ಮೂವರೂ ಹೇಳಿದ್ದು ಹೊಂದುತ್ತದೆ. ಮಧ್ಯಾಹ್ನ ಎರಡೂವರೆಗೆ ಪಶ್ಚಿಮಕ್ಕೆ ಕಪ್ಪಾಯಿತು. ಅಪ್ಪ ಸಾಲುಗಳಿಗೆ ಹೊದಿಸಲು ಎರಡು ತಾಡಪತ್ರಿ ಬಾಡಿಗೆಗೆ ತಂದಿದ್ದ. ಮೊದಲು ಗಾಳಿ ಬಂತು. ಒಂದು ತಾಡಪತ್ರಿ ಹಾರಿ ನದಿಯ ಕಡೆ ಹೋಯಿತು. ಇನ್ನೊಂದನ್ನು ಮೇಸ್ತ್ರಿಯೂ ಅಪ್ಪನೂ ಎರಡು ತುದಿ ಹಿಡಿದು ನಿಂತರು. ಹೆಂಗಸರು ಹುಲ್ಲು ಹೊದಿಸುತ್ತಿದ್ದರು. ಆಲಿಕಲ್ಲು ಬಿತ್ತು, ಆಮೇಲೆ ಮಳೆ. ನೀರು ಮೇಲಿನಿಂದಲ್ಲ, ಕೆಳಗಿನಿಂದ ಕೆಡವಿತು. ಸಾಲುಗಳ ಬುಡದಲ್ಲಿ ನೀರು ನಿಂತು ಕೆಳಗಿನ ವರಸೆ ಮೆತ್ತಗಾಯಿತು, ಮೇಲಿನವು ಕುಸಿದವು. ಒಂದು ಸಾಲು ಇನ್ನೊಂದರ ಮೇಲೆ ಬಿತ್ತು. ಪತ್ರಿಯ ಗುರುತು ಮೊದಲು ಹೋಯಿತು ಎಂದು ಮೇಸ್ತ್ರಿಯ ಹೆಂಡತಿ ಹೇಳಿದಳು. "ನಮ್ಮ ಕೈಯಾಗ ಬಡದದ್ರಿ, ನೋಡಿಕೋತ ನಿಂತ್ವಿ. ಮೊದಲ ಪತ್ರಿ ಹೋತು, ಆಮ್ಯಾಲೆ ಇಟ್ಟಂಗಿ."

ಮಳೆ ನಿಂತ ಮೇಲೂ ಅಪ್ಪ ತಾಡಪತ್ರಿಯ ತುದಿ ಬಿಟ್ಟಿರಲಿಲ್ಲ. ಮೇಸ್ತ್ರಿ ಬೆರಳು ಬಿಡಿಸಿದ. ಅಪ್ಪ ಹೇಳಿದ್ದು, "ಎಲ್ಲಾರೂ ತೊಯ್ದೀರಿ. ಮನಿಗೆ ಬರ್ರಿ, ಚಹಾ ಮಾಡಸ್ತೇನಿ." ಹತ್ತು ಸಂಸಾರಕ್ಕೂ ಅವ್ವ ಚಹಾ ಮಾಡಿದಳು.

ಮೂರನೆಯ ದಿನ ಅವರೆಲ್ಲ ಒಂದು ಟೆಂಪೋದಲ್ಲಿ ಊರಿಗೆ ಹೋದರು. ಎರಡು ವಾರದ ಕೂಲಿ ಬಾಕಿ ಇತ್ತು. ಅಪ್ಪ ಒಬ್ಬೊಬ್ಬರ ಬಾಕಿಯನ್ನೂ ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ ಮೇಸ್ತ್ರಿಗೆ ಕೊಟ್ಟ. ಮೇಸ್ತ್ರಿ ಅದನ್ನು ನೋಡದೆಯೇ ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡ. "ದೀಪಾವಳಿಗೆ ಬರತೇವಿ ಸಾವಕಾರ್ರ," ಎಂದ. ದೀಪಾವಳಿಗೆ ಭಟ್ಟಿ ಹಾಕಲು ಹಣ ಇರಲಿಲ್ಲ. ಅದೇ ಡಿಸೆಂಬರಿನಲ್ಲಿ ಭೂಮಿಯ ಮಾಲೀಕ ಲಾವಣಿ ಮುರಿದ.

ವಾಸ್ತುಶಾಂತಿ ೨೦೦೦ದ ಮೇ ತಿಂಗಳಲ್ಲಿ ಆಯಿತು. ವ್ಯಾಪಾರಿ ಮಾತಿನಂತೆ ಅಪ್ಪನನ್ನೇ ಮೊದಲು ಕೂಡಿಸಿದ. ರೇಷ್ಮೆ ರುಮಾಲು ಸುತ್ತಿದ. ತಟ್ಟೆಯಲ್ಲಿ ಎಲೆ ಅಡಿಕೆಯ ಕೆಳಗೆ ಎಪ್ಪತ್ತೆರಡು ಸಾವಿರ ಪೂರ್ತಿ ಇತ್ತು. ನಾನೂ ಹೋಗಿದ್ದೆ. ಊಟದ ಪಂಕ್ತಿಯ ಹೊತ್ತಿಗೆ ವ್ಯಾಪಾರಿ ನನ್ನ ಪಕ್ಕಕ್ಕೆ ಬಂದು ನಿಂತ.

"ತಂಗಿ, ಭಟ್ಟಿ ಮಳ್ಯಾಗ ಹೋದದ್ದ ನನಗ ಮೊನ್ನೆ ಮೊನ್ನೆ ಗೊತ್ತಾತು. ಅವತ್ತ ಬಂದಾಗ ಒಂದ ಮಾತ ಹೇಳಿದ್ರ ಆಗ್ತಿತ್ತಲ್ಲವಾ? ಹತ್ತಿ ಮಾರಿ ಬಂದ ರೊಕ್ಕ ಅವತ್ತ ಪೆಟ್ಟಿಗ್ಯಾಗ ಇತ್ತು. ನಾನ ಕೇಳಿದ್ನಲ್ಲ, ಏನರ ಬೇಕೇನಂತ?"

"ಹೌದ್ರಿ, ಕೇಳಿದ್ರಿ," ಎಂದೆ.

ಮನೆಯಲ್ಲಿ ಅಪ್ಪ ಹಣದ ಗಂಟನ್ನು ಅವ್ವನ ಮುಂದೆ ಇಟ್ಟ. ಅವ್ವ ಅದನ್ನು ಬಿಚ್ಚಲಿಲ್ಲ. "ಈಗ ಇದನ್ನ ತಗೊಂಡ ಏನ ಮಾಡೂದ್ರಿ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮೊದಲು ಪಾಟ್ಲಿ ಬಿಡಿಸಿದರು. ಲಾವಣಿಯ ಬಾಕಿ, ಸೋದರಮಾವನ ಮೂರು ಸಾವಿರ, ಹಾರಿಹೋದ ತಾಡಪತ್ರಿಯ ಬೆಲೆ ಕೊಟ್ಟರು. ಆಮೇಲೆ ಅಪ್ಪ ಕೂಲಿಯ ಬಾಕಿ ಹಿಡಿದುಕೊಂಡು ರಾಮದುರ್ಗಕ್ಕೆ ಹೊರಟ. ನಾನೂ ಹೋದೆ. ಮೇಸ್ತ್ರಿಯ ಮನೆ ಊರ ಹೊರಗೆ. ಅವನು ಟೊಪ್ಪಿಗೆಯಿಂದ ಅಲ್ಲ, ಗೋಡೆಯ ಮಾಡದಿಂದ ಆ ಹಾಳೆ ತೆಗೆದ. ಹಾಳೆಯ ಪ್ರಕಾರ ಅಪ್ಪ ಕೊಟ್ಟ. ಅವನ ಹೆಂಡತಿ ಎಣಿಸಿ ನೂರು ರೂಪಾಯಿ ಹೆಚ್ಚು ಬಂದಿದೆಯೆಂದು ತಿರುಗಿ ಕೊಟ್ಟಳು. ಜಾಗ ಬೇರೆ ನೋಡಿದ್ದೇನೆ, ಈ ದೀಪಾವಳಿಗೆ ಬಾ ಎಂದು ಅಪ್ಪ ಹೇಳಿದ.

ಮೇಸ್ತ್ರಿ ನೆಲ ನೋಡುತ್ತ ಕುಳಿತ. "ಹ್ವಾದ ದೀಪಾವಳಿಗೆ ನಿಮ್ಮ ಹಾದಿ ನೋಡಿದ್ನಿರಿ. ನಿಮ್ಮದೂ ಸುದ್ದಿ ಬರಲಿಲ್ಲ, ಮನ್ಯಾಗ ಕಾಳೂ ಇರಲಿಲ್ಲ. ಸಾಂಗ್ಲಿ ಕಡೇ ಭಟ್ಟಿಯವರು ಉಚಲ ಕೊಟ್ರು, ಇಸ್ಕೊಂಡ್ನಿ. ಹತ್ತೂ ಮನಿಯವರು ಇಸ್ಕೊಂಡೇವಿ. ಇನ್ನ ಮೂರ ವರ್ಷ ಅವರದ ರೀ."

ಉಚಲ ಎಂದರೆ ಕೂಲಿಗೆ ಮುಂಗಡ. ಅದು ತೀರುವ ತನಕ ಬೇರೆ ಕಡೆ ಹೋಗುವಂತಿಲ್ಲ. ಅಪ್ಪ ಎಷ್ಟು ಉಚಲ ಎಂದು ಕೇಳಿದ. ಹತ್ತು ಸಂಸಾರದ್ದು ಸೇರಿ ಅಪ್ಪನ ಜೇಬಿನಲ್ಲಿ ಉಳಿದದ್ದಕ್ಕಿಂತ ಹೆಚ್ಚಿತ್ತು.

ಹೊರಡುವಾಗ ಮೇಸ್ತ್ರಿಯ ಹೆಂಡತಿ ಬಾಗಿಲಿಗೆ ಬಂದಳು. "ಸಾವಕಾರ್ರ, ಇವತ್ತ ಬರಿ ತಲೀಲೆ ಬಂದೀರಿ," ಎಂದಳು. ಅಪ್ಪ ತಲೆ ಮುಟ್ಟಿ ನೋಡಿಕೊಂಡ. ಅಂದು ಅವಳು ನಗಲಿಲ್ಲ.

ಹೊಸ ಜಾಗದ ಮಾತು ಅಲ್ಲಿಗೇ ನಿಂತಿತು. ಕೈಗಳಿಲ್ಲದೆ ಭಟ್ಟಿ ಇಲ್ಲ.

ಆ ವರ್ಷದ ಲೆಕ್ಕವನ್ನು ನಾನು ಆಮೇಲೆ ಒಂದು ಸಲ ಕುಳಿತು ಬರೆದು ನೋಡಿದ್ದೇನೆ. ಪತ್ರಿಕೆಯ ವಾಣಿಜ್ಯ ಪುಟ ನೋಡಿಕೊಳ್ಳುತ್ತಿದ್ದ ದಿನಗಳವು. ಮಾರಿದ ಇಟ್ಟಂಗಿಯ ಬೆಲೆ ಒಂದು ಕಡೆ, ಅದಕ್ಕೆ ತಗುಲಿದ ಖರ್ಚು ಇನ್ನೊಂದು ಕಡೆ. ಮಳೆಯಲ್ಲಿ ಹೋದದ್ದನ್ನು ಬಿಟ್ಟರೆ ಭಟ್ಟಿ ಲಾಭದಲ್ಲಿತ್ತು. ಆರ್ಡರು ಇತ್ತು, ಗಿರಾಕಿ ಒಳ್ಳೆಯವನು, ಮಾಲು ಒಳ್ಳೆಯದು, ಬಾಕಿ ಪೈಸೆ ಬಿಡದೆ ವಸೂಲಾಯಿತು. ಯಾರೂ ಮೋಸ ಮಾಡಲಿಲ್ಲ. ಹಣ ಬರುವ ತಿಂಗಳು ಒಂದು, ಹಣ ಬೇಕಾದ ತಿಂಗಳು ಇನ್ನೊಂದು, ಇಷ್ಟೇ. ಬಟವಾಡೆ ವಾರಕ್ಕೊಮ್ಮೆ, ಕಲ್ಲಿದ್ದಲು ಲಾರಿ ಹತ್ತುವ ಮೊದಲು, ಲಾವಣಿ ವರ್ಷಕ್ಕೊಮ್ಮೆ. ನಮ್ಮ ಹಣ ಮಾತ್ರ ಮುಹೂರ್ತ ಕೂಡಿ ಬಂದಾಗ.

೨೦೦೧ರಿಂದ ನಾಲ್ಕು ವರ್ಷ ಅಪ್ಪ ಕಿತ್ತೂರಿನ ಹತ್ತಿರ ಇನ್ನೊಬ್ಬರ ಭಟ್ಟಿಯಲ್ಲಿ ಗುಮಾಸ್ತನಾಗಿದ್ದ. ಟ್ರ್ಯಾಕ್ಟರ್ ತುಂಬಿಸುವುದು, ಚೀಟಿ ಬರೆಯುವುದು. ಒಂದು ಸಲ ನಾನು ಅಲ್ಲಿಗೆ ಹೋದಾಗ ಒಬ್ಬ ರೈತ ಅಪ್ಪನ ಮುಂದೆ ನಿಂತು ವಾಸ್ತುಶಾಂತಿಗೆ ಕೊಡುತ್ತೇನೆ ಎನ್ನುತ್ತಿದ್ದ.

"ಗಾಡಿ ತುಂಬೂಕ್ಕಿಂತ ಮೊದಲ ರೊಕ್ಕ," ಎಂದು ಅಪ್ಪ ತಲೆ ಎತ್ತದೆ ಹೇಳಿದ.

"ಹಿರ್‍ಯಾರ, ನಿಮಗ ಚಲೋ ರುಮಾಲ ಸುತ್ತಸ್ತೇನ್ರಿ."

"ಬ್ಯಾಡಪಾ. ಅದಾವ ಮನ್ಯಾಗ."

ರೈತ ಗೊಣಗುತ್ತ ಧೋತರದ ಗಂಟಿನಿಂದ ಹಣ ತೆಗೆದ. ಅಪ್ಪ ಎಣಿಸಿ ಚೀಟಿ ಕೊಟ್ಟ. ನನ್ನನ್ನು ಆಗಲೇ ನೋಡಿದ್ದಿರಬೇಕು. ಮುಂದಿನ ಗಾಡಿಯ ಚೀಟಿ ಬರೆಯುವ ತನಕ ನನ್ನ ಕಡೆ ತಿರುಗಲಿಲ್ಲ.

೨೦೦೬ರ ಫೆಬ್ರವರಿಯಲ್ಲಿ ಅಪ್ಪ ಮನೋಳಿಯ ಮನೆಯಲ್ಲಿ ತೀರಿಕೊಂಡ. ಬೆಳಿಗ್ಗೆ ಸ್ನಾನ ಮಾಡಿ ಚಹಾ ಕೇಳಿದ್ದ. ನಮ್ಮಲ್ಲಿ ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ತಲೆಗೆ ರುಮಾಲು ಸುತ್ತುತ್ತಾರೆ. ಬಂದ ಹಿರಿಯರೊಬ್ಬರು ರುಮಾಲು ಕೇಳಿದರು. ನಾನು ಟ್ರಂಕು ತೆಗೆದೆ. ಮೇಲೆಯೇ ರೇಷ್ಮೆಯದಿತ್ತು. ಅಪ್ಪ ಅದನ್ನು ಆ ವಾಸ್ತುಶಾಂತಿಯ ದಿನ ಬಿಟ್ಟರೆ ಮತ್ತೆ ಸುತ್ತಿಕೊಂಡಿರಲಿಲ್ಲ.

ಅಲ್ಲಿಯ ತನಕ ಅಳದೆ ಕುಳಿತಿದ್ದ ಅವ್ವ ಎದ್ದು ಬಂದು ಟ್ರಂಕಿನ ಮುಚ್ಚಳ ಹಾಕಿದಳು.

"ಇದರಾಗಿಂದ ಬ್ಯಾಡ," ಎಂದಳು. ಸೊಂಟದ ಚೀಲದಿಂದ ನೂರರ ಎರಡು ನೋಟು ತೆಗೆದು ನನ್ನ ಕೈಗೆ ಕೊಟ್ಟಳು. "ಅಂಗಡಿಗೆ ಹೋಗಿ ಹೊಸಾದ ತಗೊಂಡ ಬಾ. ರೊಕ್ಕ ಕೊಟ್ಟ ತಗೊಂಡ ಬಾ. ಗುರತಿನವ್ರ ಅದಾರ, ಆಮ್ಯಾಲೆ ಕೊಡ್ರಿ ಅಂತಾರ. ಕೇಳಬ್ಯಾಡ."

ಅಂಗಡಿಯವನು ಸುದ್ದಿ ಕೇಳಿದ್ದ. ಹಾಗೆಯೇ ಹೇಳಿದ: "ರೊಕ್ಕದ್ದೇನ ಅವಸರ ಐತ್ರಿ, ಒಯ್ರಿ." ನಾನು ನೋಟು ಗಲ್ಲೆಯ ಮೇಲೆ ಇಟ್ಟು ನಿಂತೆ. ಬಿಳಿಯ ಹತ್ತಿ ರುಮಾಲು, ನೂರಾ ಎಂಬತ್ತು ರೂಪಾಯಿ. ಇಪ್ಪತ್ತು ತಿರುಗಿ ಕೊಟ್ಟ. ಸೋದರಮಾವ ಅದನ್ನು ಅಪ್ಪನ ತಲೆಗೆ ಸುತ್ತಿದ.

ಬೈಲಹೊಂಗಲದ ವ್ಯಾಪಾರಿ ಮಣ್ಣಿಗೆ ಬಂದಿದ್ದ. ಮೇಸ್ತ್ರಿಗೆ ಸುದ್ದಿ ತಡವಾಗಿ ಮುಟ್ಟಿತು. ಒಂದು ತಿಂಗಳ ಮೇಲೆ ಬಂದು ಅವ್ವನ ಮುಂದೆ ಕುಳಿತು ಹೋದ.

೨೦೦೯ರ ಬೇಸಿಗೆಯಲ್ಲಿ ಅವ್ವ ಟ್ರಂಕಿನ ಬಟ್ಟೆಯನ್ನು ಬಿಸಿಲಿಗೆ ಹಾಕಿದಾಗ ನಾನು ಎಣಿಸಿದೆ. ಇಪ್ಪತ್ತಾರು ರುಮಾಲುಗಳಿದ್ದವು. ಸಂಜೆ ಅವ್ವ ಅವನ್ನು ಮಡಚಿ, ಹೊಸ ಬೇವಿನ ಎಲೆ ಹಾಕಿ, ಟ್ರಂಕನ್ನು ಮಂಚದ ಕೆಳಗೆ ಸರಿಸಿದಳು.